ಹೆಬ್ಬೆಟ್ಟಿನ ಗುರುತಿನ ಕಂಡಿಕೆ

ನನ್ನ ಕಿಟಕಿಯಲ್ಲಿ ನೀಲಿ ನೂಲು ಸುತ್ತಿದ ಕಂಡಿಕೆಯೊಂದಿದೆ. ಲಾಳಿಯೊಳಗೆ ಕೂರುವ ಸಣ್ಣ ಕಡ್ಡಿ. ಅದರ ಮೇಲೆ ಕರಿ ಹೆಬ್ಬೆಟ್ಟಿನ ಗುರುತು.

ಕಡಲಾಚೆ ಯಾವುವೋ ಬ್ಯಾಂಕುಗಳು ಮುಳುಗಿದವೆಂದು, ಅಲ್ಲಿಂದ ಬರುವ ಬೇಡಿಕೆ ನಿಂತು, ನಮ್ಮೂರಿನ ಟವೆಲ್ ಮಗ್ಗಗಳು ನಿಂತವು. ಆ ಬ್ಯಾಂಕುಗಳ ಹೆಸರಿಗೂ ನಮ್ಮ ನಾಲಿಗೆ ಹೊರಳುತ್ತಿರಲಿಲ್ಲ. ಅರ್ಧ ಕೂಲಿಗೆ ದುಡಿಯುತ್ತೀರೋ, ಮಗ್ಗ ಗುಜರಿಗೆ ಹಾಕಲೋ, ಸಂಜೆಯೊಳಗೆ ಹೇಳಿ ಎಂದ ಕಾರಖಾನೆಯ ಸಾವ್ಕಾರ.

ನೇಕಾರ ಫಕೀರಪ್ಪ ಕಟ್ಟೆಯೇರಿ ಗುಡುಗಿದ: "ಕಾರಖಾನಿ ನಾವ ಹಿಡಿಯೂಣು. ಸಂಘಾ ಕಟ್ಟಿ ನಾವ ನಡಸೂಣು!" ನಾನು ಸೀಟಿ ಹೊಡೆದೆ. ಇನ್ನೊಬ್ಬ ನೇಕಾರ ದುಂಡಪ್ಪ ಅವನನ್ನು ಕೆಳಗೆಳೆದ: "ಪರದೇಶದ ಬಟ್ಟಿ ಬಂದ್ ಮಾಡಸ್ರಿ! ಹೊರಗಿಂದ ಬಂದ ಕೂಲ್ಯಾರನ್ನ ಓಡಸ್ರಿ!" ಅದಕ್ಕೂ ಸೀಟಿ ಹೊಡೆದೆ. ಏಳನೆಯ ಇಯತ್ತೆಗೆ ಸಾಲೆ ಬಿಟ್ಟು ಮಗ್ಗಗಳಿಗೆ ಎಣ್ಣೆ ಬಿಡುತ್ತಿದ್ದವನು ನಾನು. ಮೈತುಂಬ ಸಿಟ್ಟಿತ್ತು, ಅದನ್ನು ಯಾರ ಮೇಲೆ ಸುರಿಯಬೇಕೆಂದು ತಿಳಿದಿರಲಿಲ್ಲ.

ಕಂಡಿಕೆ ಸುತ್ತುವ ಕಾಶವ್ವ ಕೇಳಿದಳು: "ಎಲ್ಲಾ ಖರೆ. ನೇಯ್ದದ್ದ ಕೊಳ್ಳಾವ್ರ ಯಾರಪ್ಪಾ?"

"ಸುಮ್ನ ಕೂಡ ಮುದುಕಿ!" ಎಂದು ಒದರಿದೆ.

ಓದು ಬಾರದವರೇ ಹೆಚ್ಚಾದ್ದರಿಂದ ನೂಲಿನ ಕೋಣೆಯಲ್ಲಿ ಅರ್ಧ ಕೂಲಿ, ಸಂಘ, ಪರದೇಶದ ಬಟ್ಟೆ ಬಂದ್ ಎಂಬ ಮೂರು ಮಾತಿಗೆ ಮೂರು ಬುಟ್ಟಿ ಇಟ್ಟೆವು. ಒಬ್ಬೊಬ್ಬರೇ ಹೋಗಿ, ಕೈಗೆ ಸಿಕ್ಕ ಬಣ್ಣದ ಒಂದು ಕಂಡಿಕೆಯನ್ನು ಒಪ್ಪಿದ ಬುಟ್ಟಿಗೆ ಹಾಕಿ ಬಂದೆವು. ಎಣಿಸುವವರು ಯಾರೆಂದು ಹೊರಗೆ ಜಗಳ ಹತ್ತಿತು. ಜಗಳ ಮುಗಿಸಿ ಒಳಗೆ ಬಂದರೆ ಕಾಶವ್ವ ಬುಟ್ಟಿಗಳ ಮುಂದೆ ಕೂತಿದ್ದಳು: ಕೆಂಪೆಲ್ಲ ಒಂದರಲ್ಲಿ, ಬಿಳಿಯೆಲ್ಲ ಇನ್ನೊಂದರಲ್ಲಿ, ನೀಲಿಯೆಲ್ಲ ಮತ್ತೊಂದರಲ್ಲಿ. ನಲವತ್ತು ವರ್ಷ, ಪಾಳಿ ಮುಗಿದಾಗಲೆಲ್ಲ ಬಣ್ಣ ಆರಿಸಿಟ್ಟ ಕೈ ಅದು.

ಎಲ್ಲರಿಗಿಂತ ಜೋರಾಗಿ ಬೈದವನು ನಾನೇ. ಮತ್ತೆ ಹಾಕೋಣವೆಂದರೆ, "ಗೆದ್ದಾವ್ರು ನಾವ, ಮತ್ಯಾಕ?" ಎಂದು ಎಲ್ಲ ಗುಂಪಿನವರೂ ಹಟ ಹಿಡಿದರು. ಸಂಜೆಯಾಯಿತು. ಸಾವ್ಕಾರನಿಗೆ ಉತ್ತರ ಹೋಗಲಿಲ್ಲ. ಮರುದಿನ ಗುಜರಿ ಲಾರಿಗಳು ಬಂದವು.

ಮಗ್ಗಗಳು ಲಾರಿ ಏರುತ್ತಿದ್ದಾಗ ಕಾಶವ್ವ ಈ ಕಂಡಿಕೆಯನ್ನು ನನ್ನ ಅಂಗೈಗೆ ತುರುಕಿದಳು. "ಎಣ್ಣಿ ಕೈ ನಿನ್ನೊಬ್ಬಂದ ಅಲ್ಲೇನ?"

ಕಂಡಿಕೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ. "ಯಾವ ಬುಟ್ಟ್ಯಾಗಿತ್ತು?"

"ನಾ ಬಣ್ಣಾ ಅಷ್ಟ ನೋಡೇನಿ, ತಮ್ಮಾ."

ಅದು ಅರ್ಧ ಕೂಲಿಯ ಬುಟ್ಟಿಯಲ್ಲಿತ್ತು. ಎರಡೂ ಮಾತಿಗೆ ಸೀಟಿ ಹೊಡೆದ ನಾನು ಒಳಗೆ ಹೋಗಿ ಸಾವ್ಕಾರನ ಬುಟ್ಟಿಗೆ ಯಾಕೆ ಕೈ ಹಾಕಿದೆನೋ, ಇವತ್ತಿಗೂ ತಿಳಿಯದು. ಎಣಿಸಿದ್ದರೆ ಆ ಗುರುತು ಎಲ್ಲರ ಕಣ್ಣಿಗೆ ಬೀಳುತ್ತಿತ್ತು. ಅವಳ ಕೈ ರೂಢಿಯಂತೆ ಓಡಿತೋ, ನನ್ನನ್ನು ಉಳಿಸಲೆಂದು ಓಡಿತೋ? ನನಗಾಗಿಯೇ ಆದರೆ, ಅಷ್ಟು ಮಗ್ಗಗಳು ಗುಜರಿಗೆ ಹೋದದ್ದೂ ನನ್ನಿಂದಲೇ?

ಒಮ್ಮೊಮ್ಮೆ ನೂಲಿನ ತುದಿ ಹಿಡಿದು ಎಳೆಯುತ್ತೇನೆ. ಹೆಬ್ಬೆಟ್ಟಿನ ಗುರುತು ಚೂರು ಚೂರಾಗಿ ಹರಿಯತೊಡಗುತ್ತದೆ. ನಿಲ್ಲಿಸಿ, ಮತ್ತೆ ಸುತ್ತಿಡುತ್ತೇನೆ.