ಮೂರನೇ ಸಾಲಿನ ಜಿಗಿತ

ನನ್ನ ಹಾಡುಗಳು ಮನೆಯ ಹೊಸ್ತಿಲು ದಾಟಿದವಲ್ಲ. ಮಗಳನ್ನು ಮಲಗಿಸಲು ಒಂದು, ಅಳಿಯ ಮೊದಲ ಸಲ ಮನೆಗೆ ಬಂದು ಕುರ್ಚಿ ಮುರಿದಾಗ ಅವನನ್ನು ಛೇಡಿಸಲು ಒಂದು, ಹೀಗೆ ಬಾಯಿಗೆ ಬಂದದ್ದನ್ನು ಕಟ್ಟುತ್ತ ಬಂದವಳು ನಾನು. ಓದು ಬರಹ ಅಷ್ಟಕ್ಕಷ್ಟೆ, ಹಾಗಾಗಿ ಎಲ್ಲ ತಲೆಯಲ್ಲೇ ಇರುತ್ತದೆ. ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡರು ಎಂಬುದಕ್ಕೂ ನಮ್ಮ ಮನೆಯವರು ನನ್ನನ್ನೇ ಕೇಳುವುದು.

ಒಂದು ದಿನ ಮೊಮ್ಮಗಳು ಓಡಿ ಬಂದಳು.

"ಅಜ್ಜೀ, ನಿನ್ನ ಅಂಗಿ ಹಾಡನ್ನ ನಮ್ಮ ತಂಡ ಈ ಭಾನುವಾರ ಸಭಾಂಗಣದಲ್ಲಿ ಹಾಡುತ್ತೆ! ಕಟ್ಟಿದ್ದು ಯಾರು ಅಂತ ಮೈಕಲ್ಲಿ ಹೇಳ್ತಾರಂತೆ."

"ಹೂಂ, ಆಯ್ತು ಬಿಡು" ಎಂದೆ. ಅವಳು ಅತ್ತ ಹೋದ ಕೂಡಲೇ ಯಾವ ಬಟ್ಟೆ ಹಾಕಿಕೊಳ್ಳುವುದೆಂದು ಕಪಾಟಿನ ಬಾಗಿಲು ತೆಗೆದು ನಿಂತೆ.

ಹಾಡು ಇಷ್ಟೇ:

ಹಗ್ಗದ ಮೇಲೆ ಅಂಗಿ ಕೂತಿದೆ
ಗಾಳಿಯ ಸಂಗಡ ಗುಟ್ಟು ಆಡಿದೆ
ತೋಳು ಚಾಚಿ ಹೊರಟಿದೆ
ಕ್ಲಿಪ್ಪಿನ ಬಾಯಲಿ ಬಾಲ ಸಿಕ್ಕಿದೆ!

ಇದರ ಮುಂದೆ ಕಾಲುಚೀಲದ್ದು, ದಿಂಬಿನ ಚೀಲದ್ದು ಎಲ್ಲ ಬರುತ್ತವೆ.

ತಂಡ ಅಭ್ಯಾಸಕ್ಕೆ ನಮ್ಮ ಮನೆಯ ಮುಂದಿನ ಕೋಣೆಗೇ ಬಂತು. ಹಾಡಲು ಮೊಮ್ಮಗಳೂ ಅವಳ ಗೆಳತಿಯರೂ, ಜೊತೆಗೆ ಡ್ರಮ್ ಬಾರಿಸುವ ಒಬ್ಬ ಹುಡುಗಿ, ಕೀಬೋರ್ಡ್ ಹಿಡಿದ ಸಂಗೀತದ ಮೇಷ್ಟ್ರು. ಶುರುವಾದದ್ದು ಚೆನ್ನಾಗಿಯೇ. ಮೂರನೇ ಸಾಲಿಗೆ ಬಂದದ್ದೇ ತಡ, ಎಲ್ಲರ ದನಿಗಳೂ ಒಂದರ ಮೇಲೊಂದು ಬಿದ್ದವು. ಮತ್ತೆ ಹಾಡಿದರು, ಮತ್ತೆ ಅಲ್ಲೇ ಬಿದ್ದರು.

ಮೇಷ್ಟ್ರು ನಕ್ಕರು. "ಅಜ್ಜಿ, ಮೂರನೇ ಸಾಲಲ್ಲಿ ತಾಳದ ಒಂದು ಏಟು ಕಮ್ಮಿ ಇದೆ. ಅಂಗಿ ಹೊರಟೇಬಿಡುತ್ತೆ, ನಾವೆಲ್ಲ ಬಸ್ ಸ್ಟಾಪಲ್ಲೇ ನಿಂತಿರ್ತೀವಿ."

"ಬೇರೆ ಯಾವುದಾದರೂ ಕಟ್ಟಿದ್ದು ಹೇಳಲಾ?"

ಹೇಳಿದೆ. ಅವರು ಮೇಜು ಕುಟ್ಟುತ್ತ ಕೇಳಿದರು. ಲಾಲಿಯಲ್ಲೂ ಅದೇ ಜಿಗಿತ, ಕುರ್ಚಿ ಹಾಡಿನಲ್ಲೂ ಅದೇ.

"ಅದಕ್ಕೇ ನೋಡು, ಚಿಕ್ಕಂದಿನಲ್ಲಿ ನೀನು ಲಾಲಿ ಹಾಡಿದ್ರೆ ಕಣ್ಣು ಮುಚ್ಚೋ ಹೊತ್ತಿಗೆ ಎಚ್ಚರ ಆಗೋದು!" ಎಂದಳು ಮಗಳು ಅಡುಗೆಮನೆಯಿಂದ.

ಮೇಷ್ಟ್ರು ಒಳ್ಳೆಯವರು. "ಆ ಸಾಲನ್ನ ಸ್ವಲ್ಪ ಉದ್ದ ಮಾಡಿಕೊಡಿ ಅಜ್ಜಿ. ಶನಿವಾರಕ್ಕೂ ಕೂಡಿಬರದಿದ್ರೆ ಈ ಸಲ ಬೇರೆ ಹಾಡು ಹಾಡೋಣ. ಬೇಜಾರು ಮಾಡ್ಕೋಬೇಡಿ" ಎಂದರು.

ಬೇಜಾರಿಲ್ಲ ಎಂದೆ. ಬೇಜಾರು ಇತ್ತು. ಈ ವಯಸ್ಸಿಗೆ ಒಂದು ಹಾಡು ಹೊಸ್ತಿಲ ತನಕ ಬಂದು ಎಡವಿ ನಿಂತರೆ ಯಾರಿಗೆ ಬೇಜಾರಾಗುವುದಿಲ್ಲ?

ಉದ್ದ ಮಾಡುವುದೇನೂ ಕಷ್ಟವಾಗಲಿಲ್ಲ. 'ಎರಡೂ ತೋಳು ಚಾಚಿ ಹೊರಟಿದೆ' ಎಂದು ಮಾಡಿದೆ. ಲೆಕ್ಕ ಸರಿಹೋಯಿತು, ಆದರೆ ಅಂಗಿಯ ಬೆನ್ನಿಗೆ ಮೂಟೆ ಹೊರಿಸಿದ ಹಾಗಿತ್ತು. ಅದೂ ಹೋಗಲಿ, ಹಾಡಲು ಹೋದರೆ ನನ್ನ ಬಾಯಿ ಆ 'ಎರಡೂ' ಎಂಬುದನ್ನು ನುಂಗಿಯೇಬಿಡುತ್ತಿತ್ತು. ಮೊಮ್ಮಗಳು ಎದುರು ಕೂತು ಹೇಳಿಕೊಟ್ಟಳು. ಅವಳ ಬಾಯಿಗೂ ನನ್ನದೇ ಚಾಳಿ ಹತ್ತಿತೇ ಹೊರತು ನನ್ನದು ಸರಿಹೋಗಲಿಲ್ಲ.

ಶನಿವಾರ ಬಂತು. ಅವರು ಮುಂದಿನ ಕೋಣೆಯಲ್ಲಿ ಕೊನೆಯ ಸಲ ನೋಡೋಣವೆಂದು ಕೂತರು. ನಾನು ಸುಮ್ಮನೆ ಕೂರಲಾರದೆ ಮೂಲೆಯ ಮೇಜಿನ ಮೇಲೆ ಹುಡುಗಿಯರ ಬಿಳಿ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದೆ. ಹೊತ್ತಿಗೆ ಸರಿಯಾಗಿ ನನ್ನ ನಾದಿನಿ ಚಹಾ ಕುಡಿಯಲು ಬಂದಳು. ಅವಳು ನಾದಿನಿಯಾಗುವ ಮೊದಲು ನನ್ನ ಗೆಳತಿ. ಹುಡುಗಿಯರಾಗಿದ್ದಾಗ ಇಬ್ಬರೂ ಒಂದೇ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸಕ್ಕಿದ್ದೆವು. ಆಮೇಲೆ ತನ್ನ ಅಣ್ಣನನ್ನು ನನಗೆ ಗಂಟುಹಾಕಿದವಳೂ ಅವಳೇ.

ಹಾಡು ಶುರುವಾಯಿತು. ಎರಡು ಸಾಲು ಸಲೀಸಾಗಿ ಹೋದವು. ಮೂರನೆಯದು ಬಂತು, ಮೊಮ್ಮಗಳು ನನ್ನ ಹಾಗೇ 'ಎರಡೂ' ನುಂಗಿದಳು, ಹುಡುಗಿಯರು ಎಡವಿದರು. ಲೋಟ ಹಿಡಿದು ಕೂತಿದ್ದ ನಾದಿನಿ ಮಾತ್ರ ಹುಡುಗಿಯರತ್ತ ನೋಡದೆ ನನ್ನನ್ನೇ ನೋಡುತ್ತಿದ್ದಳು. ಚಹಾ ಚೆಲ್ಲುವಷ್ಟು ನಕ್ಕಳು.

"ಅತ್ತಿಗೇ! ಮುಳ್ಳು ಹಾರ್ತು!"

"ಯಾವ ಮುಳ್ಳೇ?"

"ನಿನ್ನ ಕೈ ನೋಡ್ಕೋ."

ನೋಡಿಕೊಂಡೆ. ಇಸ್ತ್ರಿ ಪೆಟ್ಟಿಗೆ ಬಲಗೈಯಲ್ಲಿ ಮೇಲೆದ್ದಿತ್ತು. ಎಡಗೈ ಅಂಗಿಯನ್ನು ಮಗುಚಿ ಹಾಕಿತ್ತು. ಯಾವಾಗ ಹಾಕಿತು, ನನಗೆ ತಿಳಿಯದು.

ಮೇಷ್ಟ್ರಿಗೆ ನಾದಿನಿಯೇ ಬಿಡಿಸಿ ಹೇಳಿದಳು. ನಮ್ಮ ಲಾಂಡ್ರಿಯ ಯಜಮಾನರ ಹತ್ತಿರ ಒಂದು ಗ್ರಾಮಫೋನ್, ಅದಕ್ಕೆ ಒಂದೇ ಒಂದು ಪ್ಲೇಟು. ನಡುವಿನ ಕಾಗದ ಉದುರಿಹೋಗಿ, ಹಾಡಿದ್ದು ಯಾರೆಂದೂ ಗೊತ್ತಿರಲಿಲ್ಲ. ಕೀ ಕೊಟ್ಟು ದಿನವಿಡೀ ಅದನ್ನೇ ಹಾಕುತ್ತಿದ್ದರು. ನಮಗೆ ಅದೆಂದರೆ ಪ್ರಾಣ. ಮೂರನೇ ಸಾಲಿನಲ್ಲಿ ಒಂದು ಗೀರು ಬಿದ್ದಿತ್ತು. ಅಲ್ಲಿ ಮುಳ್ಳು ಟಕ್ಕೆಂದು ಮುಂದಕ್ಕೆ ಹಾರುತ್ತಿತ್ತು. ಹಾರಿತೆಂದರೆ ಅಂಗಿಯ ಒಂದು ಬದಿ ಮುಗಿದಿರಬೇಕು, ಪೆಟ್ಟಿಗೆ ಎತ್ತಿ ಮಗುಚಬೇಕು. ಮಗುಚದಿದ್ದರೆ ಯಜಮಾನರು ಗಲ್ಲಾದಿಂದಲೇ ಗದರುವರು, "ಹಾರ್ತಲ್ರೇ, ಕೇಳಿಸ್ಲಿಲ್ವಾ?"

"ಒಂದ್ಸಲ ಚಹಾದಂಗಡಿ ರೇಡಿಯೋದಲ್ಲಿ ಆ ಹಾಡು ಪೂರ್ತಿ ಬಂದಿತ್ತು" ಎಂದಳು ನಾದಿನಿ. "ಇವಳು ಎದ್ದು ನಿಂತು, 'ರೇಡಿಯೋದವರಿಗೆ ತಾಳವೇ ಗೊತ್ತಿಲ್ಲ, ನಡುವೆ ಏನೋ ತುರುಕಿದ್ದಾರೆ' ಅಂತ ಅಂಗಡಿಯವನ ಜೊತೆ ಜಗಳಕ್ಕೇ ನಿಂತ್ಳು!"

"ನೀನೂ ನನ್ನ ಜೊತೆ ಬೈದೆ" ಎಂದೆ.

"ಬೈದೆ. ಈಗಲೂ ಬೈತೀನಿ."

ನಾನು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟೆ. ಯಾರ್ಯಾರದೋ ಮದುವೆಯ ಮುನಿಸು ನೆನಪಿಟ್ಟುಕೊಂಡವಳಿಗೆ ಇದು ಹೊಳೆಯಲೇ ಇಲ್ಲವಲ್ಲ. ಅಷ್ಟು ವರ್ಷ ಸ್ವಂತದ್ದೆಂದು ಕಟ್ಟಿದ ಹಾಡುಗಳ ಒಳಗೆಲ್ಲ ಆ ಗೀರು ಕೂತಿತ್ತು.

"ಹಾಗಾದ್ರೆ ಈ ಹಾಡು ನನ್ನದಲ್ವಾ ಮೇಷ್ಟ್ರೇ?"

"ಹಾಡು ನಿಮ್ಮದೇ ಅಜ್ಜಿ. ಆ ಪ್ಲೇಟಲ್ಲಿ ಕ್ಲಿಪ್ಪು, ಬಾಲ ಇತ್ತಾ? ಜಿಗಿತ ಮಾತ್ರ ಅಲ್ಲಿಂದ ಬಂದಿದೆ." ಅವರು ಕೈವಸ್ತ್ರ ತೆಗೆದು ಮೇಜಿನ ಮೇಲೆ ಹರಡಿದರು. "ನಾವು ಇಲ್ಲದ ಏಟಿಗೆ ಕಾಯ್ತಾ ನಿಂತಿದ್ವಿ. ಅದಕ್ಕೇ ಬಿದ್ದಿದ್ದು. ಆ 'ಎರಡೂ' ಬಿಟ್ಟುಬಿಡಿ, ಎಲ್ರೂ ಒಂದೊಂದು ಬಟ್ಟೆ ಹಿಡ್ಕೊಳ್ಳಿ. 'ಹೊರಟಿದೆ' ಅಂದ ತಕ್ಷಣ ಮಗುಚಿ, ಕಾಯಬೇಡಿ."

ಒಬ್ಬಳಿಗೆ ದಿಂಬಿನ ಚೀಲ, ಒಬ್ಬಳಿಗೆ ಟವೆಲು. ಹಾಡಿದರು. ಹೊರಟಿದೆ, ಪಟ್! ಎಲ್ಲ ಬಟ್ಟೆ ಒಟ್ಟಿಗೆ ಮಗುಚಿಕೊಂಡವು, ಕ್ಲಿಪ್ಪಿನ ಸಾಲು ಎಲ್ಲರ ಬಾಯಲ್ಲೂ ಒಟ್ಟಿಗೇ ಬಂತು. ಡ್ರಮ್ಮಿನ ಹುಡುಗಿ ಎರಡೂ ಕೈ ಖಾಲಿ ಇಲ್ಲದೆ ತಲೆಯನ್ನೇ ಮಗುಚಿದಳು.

ಭಾನುವಾರ ಹಾಗೆಯೇ ಹಾಡಿದರು. ಮೊದಲ ಸಲ ಬಟ್ಟೆ ಮಗುಚಿದಾಗ ಜನ ನಕ್ಕರು. ದಿಂಬಿನ ಚೀಲದ ಹೊತ್ತಿಗೆ ಅವರೂ ಕೈವಸ್ತ್ರ ತೆಗೆದಿದ್ದರು. ಮೇಷ್ಟ್ರು ಮೈಕಿನಲ್ಲಿ ನನ್ನ ಹೆಸರು ಹೇಳಿದರು. ಪಕ್ಕದಲ್ಲಿದ್ದ ನಾದಿನಿ, "ಆ ಗೀರಿನ ಹೆಸರೂ ಹೇಳ್ರೀ!" ಎಂದು ಎದ್ದು ನಿಂತು ಕೂಗಿದಳು, ನಾನು ಚಿವುಟಿದರೂ ಕೂರಲಿಲ್ಲ.

ಮೊನ್ನೆ ಮೇಷ್ಟ್ರು ಬೀದಿಯಲ್ಲಿ ಸಿಕ್ಕರು. ಮುಖ ಹುಳ್ಳಗಿತ್ತು.

"ಹೊಸದೊಂದು ಹಾಡು ಕಟ್ಟಿದೆ ಅಜ್ಜಿ. ನಾಲ್ಕು ಸಲ ತಿದ್ದಿದ್ರೂ ಮೂರನೇ ಸಾಲಲ್ಲಿ ಜಿಗೀತಿದೆ."

"ತಿದ್ದಬೇಡಿ" ಎಂದೆ. "ಮನೆಗೆ ಬನ್ನಿ, ಇಸ್ತ್ರಿ ಹಾಕೋ ಬಟ್ಟೆ ಬೇಕಾದಷ್ಟಿದೆ."