ಚಕ್ರ ನೋಡದವನು

ಕುಲಶೇಖರದಲ್ಲಿ ರೈಲು ಹಳಿಯ ಪಕ್ಕ ಮುಷ್ಕರ ಹೂಡಿದ, ಹಳಿ ರಿಪೇರಿ ಮಾಡುವ ಗುತ್ತಿಗೆ ಕಾರ್ಮಿಕರ ಚಪ್ಪರ. ಉಳ್ಳಾಲ ಕಡೆಯ ಗ್ಯಾಂಗಿನವನೆಂದು ಹೇಳಿಕೊಂಡು ಯೋಗೀಶ್ ಅಲ್ಲಿ ಸೇರಿಕೊಂಡಿದ್ದ. ನಿಜಕ್ಕೂ ಅವನು ಗುತ್ತಿಗೆದಾರರ ಆಫೀಸಿನ ವಾಚ್‌ಮನ್.

"ಹಳಿಗೆ ಕೈ ಹಾಕ್ತಾರೆ ಅಂತ ಗೊತ್ತಾದ ಕೂಡಲೇ ಮೆಸೇಜು ಹಾಕು. ಕೇಸು ಜಡಿದು ಎಲ್ಲರನ್ನೂ ಓಡಿಸುವ. ನಿನ್ನ ಕೆಲಸ ಪರ್ಮನೆಂಟ್," ಎಂದಿದ್ದರು ಮ್ಯಾನೇಜರ್ ಮೋಹನದಾಸ್.

ಯೋಗೀಶ್ ಫೋನು ಮುಟ್ಟಿದಾಗಲೆಲ್ಲ ಪಕ್ಕದವರ ಮಾತು ನಿಲ್ಲುತ್ತಿತ್ತು. ಅಥವಾ ಹಾಗೆ ಅನಿಸುತ್ತಿತ್ತೋ?

"ನಿಮ್ಮ ಮೇಸ್ತ್ರಿ ಯಾರು ಮಾರಾಯ?" ಪಕ್ಕದಲ್ಲಿ ಕೂತಿದ್ದ ಕಾರ್ಮಿಕ ಚೆನ್ನಪ್ಪ ಕೇಳಿದ.

"ಹೊಸಬರು... ಹೆಸರು ಸರಿ ಗೊತ್ತಿಲ್ಲ."

"ಮತ್ತೆ ನಿನ್ನ ಹಾಜರಿ ಹಾಕುವುದು ಯಾರು, ನಿನ್ನ ಮಾವನಾ?"

ಎಲ್ಲರೂ ನಕ್ಕರು. ಮುಂದಾಳು ಬೊನಿಫಾಸ್ ನಗಲಿಲ್ಲ. ಅವನ ಹೆಂಡತಿ ನೆಲ್ಲಿಬಾಯಿ ಮಾತ್ರ ಗೋಳಿಬಜೆಯ ತಟ್ಟೆ ಮುಂದಿಟ್ಟು, "ತಿನ್ನಿ, ಬಿಸಿ ಉಂಟು," ಎಂದಳು.

ದೂರದಲ್ಲಿ ಸೀಟಿ ಕೇಳಿತು. ಚಹಾದ ಲೋಟಗಳು ಒಟ್ಟಿಗೇ ನೆಲಕ್ಕಿಳಿದವು. ನಾಲ್ವರು ಹಳಿ ದಾಟಿ ಆಚೆ ಬದಿಗೆ ಓಡಿದರು. ಯೋಗೀಶ್ ಫೋನು ಹೊರತೆಗೆದ. 'ಹಳಿಗೆ ಇಳಿದಿದ್ದಾರೆ' ಎಂದು ಅವಸರದಿಂದ ಟೈಪಿಸಿದ.

ಕಳಿಸುವಷ್ಟರಲ್ಲಿ ಗೂಡ್ಸ್ ಬಂಡಿ ಬಂತು. ಎರಡೂ ಬದಿಯಲ್ಲಿ ನಿಂತವರು ಬಗ್ಗಿ, ಕಣ್ಣು ಕೀಲಿಸಿ, ಒಂದೊಂದೇ ಚಕ್ರ ನೋಡುತ್ತಿದ್ದರು. ಎಲ್ಲಿಯೂ ಹೊಗೆಯಿಲ್ಲ, ಏನೂ ನೇತಾಡುತ್ತಿಲ್ಲ. ಎಲ್ಲ ಸರಿ ಉಂಟೆಂದು ಬೊನಿಫಾಸ್ ಗಾರ್ಡಿಗೆ ಕೈ ತೋರಿಸಿದ. ಗಾರ್ಡ್ ಹಸಿರು ಬಾವುಟ ಆಡಿಸಿ ಹೋದ. ಇವರು ಬಂದು ಪುನಃ ಲೋಟ ಎತ್ತಿಕೊಂಡರು.

"ಮುಷ್ಕರ ಅಲ್ವಾ? ಮತ್ತೆ ಇದೆಲ್ಲ ಎಂತಕ್ಕೆ?" ಯೋಗೀಶನ ಬಾಯಿಂದ ಜಾರಿತು.

"ಬಂಡಿ ಹೋಗುವಾಗ ಚಕ್ರ ನೋಡದೆ ಕೂತುಕೊಂಡೇ ಇರುವ ಗ್ಯಾಂಗಿನವನನ್ನು ನಾನು ಇವತ್ತೇ ನೋಡಿದ್ದು," ಎಂದ ಬೊನಿಫಾಸ್.

ಬೆರಳಡಿಯಲ್ಲಿ ಮೆಸೇಜು ಕಾಯುತ್ತಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹಾಗೇ ಕಳಿಸಿದರೆ ಕೆಲಸ ಪರ್ಮನೆಂಟ್. ಅವನು ಮುಂದೆ ಸೇರಿಸಿದ: 'ಬಂಡಿಯ ಚಕ್ರ ನೋಡಲಿಕ್ಕೆ. ಹಳಿಗೆ ಯಾರೂ ಕೈ ಹಾಕುವವರಲ್ಲ.' ಕಳಿಸಿಬಿಟ್ಟ.

ಕೂಡಲೇ ಉತ್ತರ ಬಂತು: 'ಅವರ ಜೊತೆ ಸೇರಿದೆಯಾ? ನಾಳೆಯಿಂದ ಬರುವುದು ಬೇಡ.'

"ಎಂತ ಉಂಟು ಅದರಲ್ಲಿ?" ಬೊನಿಫಾಸ್ ಕೈ ಚಾಚಿದ. ಯೋಗೀಶ್ ಫೋನು ಕೊಟ್ಟ. ಬೊನಿಫಾಸ್ ಎರಡೆರಡು ಸಲ ಓದಿದ.

"ಇದೂ ನಮ್ಮನ್ನು ನಂಬಿಸಲಿಕ್ಕೇ ಬರೆದದ್ದಾ?"

ಅಷ್ಟರಲ್ಲಿ ಇನ್ನೊಂದು ಸೀಟಿ ಕೇಳಿತು. ಯೋಗೀಶ್ ಎಲ್ಲರಿಗಿಂತ ಮೊದಲೇ ಎದ್ದು ನಿಂತ.

"ಆಚೆ ಬದಿಗೆ ಹೋಗಬೇಡ," ಬೊನಿಫಾಸ್ ಫೋನನ್ನು ತನ್ನ ಕಿಸೆಗೆ ಹಾಕಿಕೊಂಡ. "ಇಲ್ಲೇ ನಿಲ್ಲು, ನನ್ನ ಕಣ್ಣೆದುರು."