ಬಾಯಿ ಕಾಣದ ಬೆಳಕು

ಅಂಗಡಿಯವನು ಮೇಲೆ ನೋಡಿಕೊಂಡೇ ಮಾತಾಡುತ್ತಿದ್ದ. ಛಾವಣಿಯೊಳಗೆ ಹುದುಗಿಸಿದ ನಲವತ್ತೋ ಐವತ್ತೋ ದೀಪಗಳನ್ನು ಒಂದೊಂದಾಗಿ ಹತ್ತಿಸಿ ಆರಿಸಿ ತೋರಿಸುತ್ತಿದ್ದ. ಯೋಕ್ಲಾನ್‌ಗೆ ಕಂಡದ್ದು ಅವನ ಗಲ್ಲ, ಗಂಟಲ ಉಬ್ಬು, ಅಷ್ಟೇ. ಪಕ್ಕದಲ್ಲಿ ಅವಳ ತಮ್ಮ ಚೀಹೋಂಗ್ ತಲೆಯಾಡಿಸುತ್ತ ನಗುತ್ತಿದ್ದ. ಅವಳು ಅವನ ತೋಳು ಜಗ್ಗಿದಳು.

"ಏನಂತೆ?"

ಚೀಹೋಂಗ್ ಅರೆ ತಿರುಗಿ, "ಆಮೇಲೆ ಹೇಳ್ತೀನಿ" ಎಂದ.

ಆ ಎರಡು ಪದಗಳನ್ನು ಓದಲು ಯೋಕ್ಲಾನ್‌ಗೆ ತುಟಿಯೂ ಬೇಕಾಗಿರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮಿದುಳಿಗೆ ಜ್ವರ ಏರಿ ಎರಡೂ ಕಿವಿ ಹೋಗಿದ್ದವು. ಅಂದಿನಿಂದ ಮೂವತ್ತೆಂಟು ವರ್ಷ ಅವಳು ಮನುಷ್ಯರ ಬಾಯಿ ನೋಡಿಕೊಂಡೇ ಬದುಕಿದ್ದಳು. ಬಾಯಿ ಕಂಡರೆ ಅರ್ಧ ಮಾತು ಸಿಕ್ಕುತ್ತಿತ್ತು, ಉಳಿದರ್ಧ ಊಹೆ. ಅವಳ ಸ್ವಂತ ಮಾತಿಗೆ ಏನೂ ಆಗಿರಲಿಲ್ಲ, ಸ್ವಲ್ಪ ಜೋರು ಅನ್ನುವುದು ಬಿಟ್ಟರೆ.

"ಆಮೇಲೆ ಬೇಡ, ಈಗ್ಲೇ ಹೇಳು. ಆ ದೀಪ ತುಂಬಾ ಒಳಗೆ ಹೋಗಿ ಕೂತಿದೆ. ಬಾವಿ ತಳದಲ್ಲಿ ಇಟ್ಟ ಹಾಗಿದೆ."

"ಅದೇ ಅದರ ಚಂದ ಅಕ್ಕಾ. ದೀಪ ಇರೋದೇ ಗೊತ್ತಾಗಲ್ಲ. ದೊಡ್ಡ ಹೋಟೆಲ್‌ಗಳಲ್ಲೆಲ್ಲ ಇದೇ."

"ನಾವೇನು ಮನೇಲಿ ರೂಮು ಬಾಡಿಗೆಗೆ ಕೊಡ್ತೀವಾ?"

ಅಂಗಡಿಯವನು ಏನೋ ಹೇಳಿದ. ಇಬ್ಬರೂ ನಕ್ಕರು. ಆ ನಗುವಿನ ಕಾರಣವನ್ನು ಯಾರೂ ಹೇಳಲಿಲ್ಲ.

ಚೀಹೋಂಗ್‌ನ ಆತುರಕ್ಕೆ ಕಾರಣವಿತ್ತು. ಮಗಳು ಶಿನ್ಯೀಯನ್ನು ಮದುವೆಗೆ ಕೇಳಲು ಕಾಂಪಾರ್ ಊರಿನ ಥಾಮ್ ಮನೆಯವರು ಬರುವವರಿದ್ದರು. ಹುಡುಗ ಜುನ್‌ವೇ ಶಿನ್ಯೀಯ ಜೊತೆ ಓದಿದವನು; ಒಪ್ಪಿಗೆ ಅವರಿಬ್ಬರದಾಗಿತ್ತು, ಹಿರಿಯರ ಊಟವೊಂದು ಬಾಕಿಯಿತ್ತು. ಶಿನ್ಯೀಗೆ ಆರು ವರ್ಷವಾಗಿದ್ದಾಗ ತಾಯಿ ತೀರಿಕೊಂಡಿದ್ದಳು. ಆಗಲೇ ಯೋಕ್ಲಾನ್ ತನ್ನ ಹೊಲಿಗೆ ಯಂತ್ರವನ್ನು ಹೊರಿಸಿಕೊಂಡು ಬಂದು ತಮ್ಮನ ಮನೆಯಲ್ಲಿ ನಿಂತಳು. ಹುಡುಗಿಗೆ ತಲೆ ಬಾಚಿದ್ದು, ಬೈದದ್ದು, ಶಾಲೆಯ ಗೇಟಿನ ಮುಂದೆ ಕಾದದ್ದು ಎಲ್ಲ ಅಪ್ಪನ ಅಕ್ಕನಾದ ಈ ಕೂಮಾನೇ.

ಅವರಿದ್ದ ಈಪೋ ಪಟ್ಟಣದ ಸಾಲುಮನೆಗಳಲ್ಲಿ ನಡುಕೋಣೆಗೆ ಕಿಟಕಿಯಿರುವುದಿಲ್ಲ. ಊಟದ ಮೇಜು ಇರುವುದು ಅಲ್ಲೇ. ಹಗಲಲ್ಲೂ ದೀಪ ಬೇಕು. ಇಷ್ಟು ವರ್ಷ ಅಲ್ಲಿದ್ದುದು ಒಂದು ಉದ್ದನೆಯ ಟ್ಯೂಬ್‌ಲೈಟು. ಚಂದವೇನೂ ಇರಲಿಲ್ಲ, ಆದರೆ ಅದರ ಕೆಳಗೆ ಕೂತವರ ಮುಖ ತಟ್ಟೆಯಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ರಮ್ಲಿ ಎಂಬ ಎಲೆಕ್ಟ್ರಿಷಿಯನ್ ಬಂದು ಅದನ್ನು ಕಿತ್ತ. ಛಾವಣಿಯ ಕೆಳಗೆ ಜಿಪ್ಸಂ ಹಲಗೆ ಕೂರಿಸಿದ್ದಾಗಿತ್ತು. ಅದಕ್ಕೆ ಗುಂಡನೆಯ ಗರಗಸ ಹಚ್ಚಿ ಆರು ತೂತು ಕೊರೆದ. ಹಿಟ್ಟಿನಂಥ ಬಿಳಿ ಧೂಳು ಯೋಕ್ಲಾನ್‌ಳ ಕೂದಲ ಮೇಲೆಲ್ಲ ಕೂತಿತು. ಸಂಜೆಯ ಹೊತ್ತಿಗೆ ಆರು ದೀಪಗಳು ಗುಳಿಯೊಳಗಿಂದ ಜೇನಿನ ಬಣ್ಣದ ಬೆಳಕು ಸುರಿಸತೊಡಗಿದವು. ಚೀಹೋಂಗ್ ಸೊಂಟಕ್ಕೆ ಕೈಯಿಟ್ಟುಕೊಂಡು ಸುತ್ತ ತಿರುಗಿ ನೋಡಿ ಏನೋ ಹೇಳಿದ. ಅವನ ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗುಳಿಗಳಿದ್ದವು. ಮೂಗಿನ ನೆರಳು ಬಿದ್ದು ಬಾಯಿ ಪೂರ್ತಿ ಅಳಿಸಿಹೋಗಿತ್ತು.

"ನಿನ್ನ ಬಾಯಿ ಕಾಣ್ತಿಲ್ಲ" ಎಂದಳು ಯೋಕ್ಲಾನ್.

ಅವನು ಹತ್ತಿರ ಬಂದು ಹೆಗಲು ತಟ್ಟಿದ. ಅಭ್ಯಾಸ ಆಗುತ್ತೆ ಅಂದಿರಬೇಕು.

ಭಾನುವಾರ ಮಧ್ಯಾಹ್ನ ಥಾಮ್ ಮನೆಯವರು ಬಂದರು. ಜುನ್‌ವೇಯೂ ಜೊತೆಗಿದ್ದ. ಗಂಡ ಮಿತಭಾಷಿ. ಹೆಂಡತಿ, ಮೇಡಮ್ ಥಾಮ್, ಮುತ್ತಿನ ಸರ ಹಾಕಿಕೊಂಡು ನೆಟ್ಟಗೆ ಕೂತಿದ್ದಳು. ಯೋಕ್ಲಾನ್ ಬೆಳಗಿನಿಂದ ಒಲೆಯ ಮುಂದೆ ನಿಂತು ತಾವರೆಬೇರು, ಕಡಲೆಬೀಜ ಹಾಕಿ ಹಂದಿಮೂಳೆಯ ಸಾರು ಕುದಿಸಿದ್ದಳು. ಬಡಿಸಿ ತಾನೂ ಕೂತಳು. ಐದು ತಲೆಗಳು ಕಂಡವು, ಐದರ ಕೂದಲೂ ಮಿರಮಿರ ಹೊಳೆಯುತ್ತಿತ್ತು, ಒಂದು ಬಾಯಿಯೂ ಇರಲಿಲ್ಲ. ಮೇಜಿನ ಸುತ್ತ ಮಾತು ಹರಿದಾಡುವುದು ಹೆಗಲುಗಳ ಅಲುಗಾಟದಿಂದ ಮಾತ್ರ ತಿಳಿಯುತ್ತಿತ್ತು. ಎಲ್ಲರೂ ನಕ್ಕಾಗ ಅವಳೂ ನಕ್ಕಳು. ನಗು ನಿಂತಾಗ ಒಂದು ಗಳಿಗೆ ತಡವಾಗಿ ನಿಲ್ಲಿಸಿದಳು.

ಮೇಡಮ್ ಥಾಮ್ ಚಮಚೆಯಿಂದ ಸಾರು ಕುಡಿದು ಇವಳ ಕಡೆ ತಿರುಗಿ ಏನೋ ಕೇಳಿದಳು. ಎಲ್ಲರ ತಲೆಗಳೂ ಇವಳ ಕಡೆ ತಿರುಗಿದವು. ಕೈ ಬಟ್ಟಲ ಮೇಲಿದೆ. ಕೇಳುವುದು ಸಾರಿನ ವಿಷಯವೇ. ಯೋಕ್ಲಾನ್ ಮುಖವರಳಿಸಿದಳು.

"ಹೌದು ಹೌದು! ನಮ್ಮಮ್ಮನಿಂದ ನನಗೆ ಬಂದದ್ದು. ಈಗ ಶಿನ್ಯೀಗೂ ಬಂದಿದೆ. ಇನ್ನು ನಿಮ್ಮ ಮೊಮ್ಮಕ್ಕಳಿಗೂ ಗ್ಯಾರಂಟಿ!"

ಯಾರ ಹೆಗಲೂ ಅಲುಗಲಿಲ್ಲ. ಮೇಡಮ್ ಥಾಮ್‌ಳ ಚಮಚೆ ಬಟ್ಟಲಿಗೆ ಮರಳಿತು. ಅವಳು ಮತ್ತೆ ಅದನ್ನು ಎತ್ತಲಿಲ್ಲ. ಹಣ್ಣು ತರುವ ಹೊತ್ತಿಗೆ ಅವರು ಎದ್ದುಬಿಟ್ಟಿದ್ದರು.

ಕಾರು ತಿರುಗಿ ಹೋದದ್ದೇ ತಡ, ಚೀಹೋಂಗ್ ನಡುಕೋಣೆಯಲ್ಲಿ ಕೈ ಬೀಸಿ ಬೀಸಿ ಮಾತಾಡತೊಡಗಿದ. ಅವನ ಕುತ್ತಿಗೆಯ ನರ ಉಬ್ಬಿದ್ದು ಕಾಣುತ್ತಿತ್ತು, ಮಾತು ಕಾಣುತ್ತಿರಲಿಲ್ಲ. ಯೋಕ್ಲಾನ್ ಅವನ ಮುಂಗೈ ಹಿಡಿದು ದರದರನೆ ಎಳೆದುಕೊಂಡು ಅಡುಗೆಮನೆ ದಾಟಿ, ಹಿತ್ತಿಲ ಬಾಗಿಲ ಬಿಸಿಲಲ್ಲಿ ನಿಲ್ಲಿಸಿದಳು.

"ಹಾಂ, ಈಗ ಬೈಯಿ. ಇಲ್ಲಿ ಬೈದ್ರೆ ಅರ್ಥ ಆಗತ್ತೆ."

"ಏನ್ ಹೇಳಿದೆ ಗೊತ್ತಾ ನೀನು?" ಚೀಹೋಂಗ್‌ನ ತುಟಿಯ ಮೂಲೆಯಲ್ಲಿ ಉಗುಳಿತ್ತು. "ಅವರು ಕೇಳಿದ್ದು ಸಾರಲ್ಲ! ನಿನ್ನ ಕಿವುಡು! 'ಇದು ನಿಮ್ಮ ವಂಶದಲ್ಲೇ ಇದೆಯಾ' ಅಂತ ಕೇಳಿದ್ರು!"

ಯೋಕ್ಲಾನ್ ತಾನು ಹೇಳಿದ್ದನ್ನು ಮನಸ್ಸಿನಲ್ಲಿ ಮತ್ತೊಮ್ಮೆ ಹೇಳಿಕೊಂಡಳು. ಮೊದಲು ನಾಚಿಕೆಯಾಯಿತು. ಬಾಯಿ ತೆರೆಯುವಷ್ಟರಲ್ಲಿ ಅದು ಸಿಟ್ಟಾಗಿತ್ತು.

"ನಾನು ಹೇಳಿದ್ದು ತಪ್ಪು ಅಂತ ನಿನಗೆ ಆಗ್ಲೇ ಗೊತ್ತಾಯ್ತು ತಾನೆ?"

"ಗೊತ್ತಾಯ್ತು."

"ಮತ್ತೆ ಬಾಯಲ್ಲಿ ಏನಿಟ್ಕೊಂಡಿದ್ದೆ? ಮೂಳೆನಾ?"

ಚೀಹೋಂಗ್ ಬೇರೆ ಕಡೆ ನೋಡಿದ. ಶಿನ್ಯೀ ಬಾಗಿಲಿಗೆ ಬಂದು ನಿಂತಿದ್ದಳು. ಅತ್ತಿದ್ದಳು.

"ಕೂಮಾ, ನಿಂಗೆ ಜ್ವರ ಬಂದಿದ್ದು ಜುನ್‌ವೇಗೆ ಗೊತ್ತು. ನಾನೇ ಹೇಳಿದ್ದೆ. ಅಲ್ಲೇ ಕೂತಿದ್ದ, ಉಸಿರು ಬಿಡಲಿಲ್ಲ ಅವನು."

"ಅವನ ಮಾತು ಆ ಕಡೆಗಿರಲಿ. ನೀನು?"

ಶಿನ್ಯೀ ನೆಲ ನೋಡಿದಳು. ಯೋಕ್ಲಾನ್ ಅವಳ ಗಲ್ಲ ಹಿಡಿದು ಮುಖವೆತ್ತಿದಳು. ನೆಲ ನೋಡುವವರ ಮಾತು ಅವಳಿಗೆ ಸಿಗುತ್ತಿರಲಿಲ್ಲ.

"ಎಲ್ಲರ ಮುಂದೆ ತಿದ್ದಿದ್ರೆ ನಿಂಗೆ ಅವಮಾನ ಆಗತ್ತೆ ಅಂತ..."

"ನನಗಾ? ನಿನಗಾ?"

ಯೋಕ್ಲಾನ್ ಗಲ್ಲ ಬಿಟ್ಟಳು. ತಮ್ಮನ ಮೇಲಿನ ಸಿಟ್ಟು ಹಳೆಯದು, ಎಂದಿನದು. ಹುಡುಗಿಯ ಮೇಲಿನದು ಬೇರೆ. ಇದಕ್ಕೆ ಎಲ್ಲಿ ಕೈಯಿಡಬೇಕೆಂದು ಅವಳಿಗೆ ತಿಳಿಯಲಿಲ್ಲ.

"ಸಂಜೆ ಅವರಿಗೆ ಫೋನ್ ಮಾಡಿ ಹೇಳ್ತೀನಿ" ಎಂದ ಚೀಹೋಂಗ್. "ರಕ್ತದಲ್ಲಿ ಇರೋದಲ್ಲ, ಬರೀ ಜ್ವರ ಅಂತ. ಎಲ್ಲ ಸರಿಹೋಗತ್ತೆ."

"ನನ್ನ ಕಿವಿ ವಿಷಯ ಮಾತಾಡೋಕೆ ನೀನ್ಯಾರು? ಅವರಿಗೆ ಫೋನ್ ಮಾಡು, ಮುಂದಿನ ಭಾನುವಾರ ಊಟಕ್ಕೆ ಕರಿ. ಆ ಒಂದು ಮಾತು ಸಾಕು. ಮಿಕ್ಕಿದ್ದು ನಾನು ಹೇಳ್ತೀನಿ. ಅದೇ ಮೇಜು, ಅದೇ ಕುರ್ಚಿ."

ಮಾರನೆಯ ದಿನ ಯೋಕ್ಲಾನ್ ಒಬ್ಬಳೇ ಬಸ್ಸು ಹತ್ತಿ ದೀಪದಂಗಡಿಗೆ ಹೋದಳು. ಅಂಗಡಿಯವನು ಯಥಾಪ್ರಕಾರ ಮುಖ ಮೇಲೆತ್ತಿದ. ಅವಳು ಗಲ್ಲಾ ಮೇಲೆ ಅಂಗೈ ಬಡಿದಳು.

"ನನ್ನ ಮುಖ ನೋಡ್ಕೊಂಡು ಮಾತಾಡಿ. ದುಡ್ಡು ಕೊಡೋದು ನಾನು, ಛಾವಣಿ ಅಲ್ಲ."

ಗಿರಾಕಿಗಳು ತಿರುಗಿ ನೋಡಿದರು. ಅವಳು ಅವನನ್ನು ಒಂದೊಂದು ದೀಪದ ಕೆಳಗೂ ನಿಲ್ಲಿಸಿ ಒಂದರಿಂದ ಹತ್ತರವರೆಗೆ ಎಣಿಸಲು ಹೇಳಿದಳು. ಆಳದ ಗುಳಿಯವು, ಹಳದಿಯವು, ನೀಲಿ ಹೊಡೆಯುವಷ್ಟು ಬಿಳಿಯವು ಒಂದೂ ಆಗಲಿಲ್ಲ. ಕಡೆಗೆ ಹಾಲುಗಾಜಿನ ಮುಚ್ಚಳವಿದ್ದ, ಛಾವಣಿಯ ಮಟ್ಟಕ್ಕೇ ಕೂರುವ, ಬೆಳಕನ್ನು ಅಗಲಕ್ಕೆ ಹರಡುವ ಒಂದು ಚಪ್ಪಟೆ ದೀಪದ ಕೆಳಗೆ ಅವನ 'ಏಳು' ಏಳಾಗಿಯೇ ಕಂಡಿತು.

"ಇದು ತುಂಬಾ ಸಾಮಾನ್ಯದ್ದು ಆಂಟಿ" ಎಂದ ಅವನು, ಈ ಬಾರಿ ತುಟಿ ಬಿಡಿಸಿ. "ಆಫೀಸುಗಳಲ್ಲಿ ಹಾಕ್ತಾರೆ."

"ಆಫೀಸಲ್ಲಿ ಜನ ಒಬ್ಬರ ಮಾತು ಒಬ್ಬರು ಕೇಳ್ತಾರಲ್ಲ. ನಾಲ್ಕು ಕೊಡಿ."

ಬುಧವಾರ ರಮ್ಲಿ ಏಣಿ ಹೊತ್ತು ಬಂದ. ಮೇಲೆ ಹತ್ತಿ ಹಳೆಯ ದೀಪ ಬಿಚ್ಚುತ್ತ ಏನೋ ಗೊಣಗಿದ. ಯೋಕ್ಲಾನ್ ಏಣಿಗೆ ಸೌಟಿನಿಂದ ಬಡಿದಳು.

"ಕೆಳಗೆ ನೋಡಿ ಹೇಳು."

ರಮ್ಲಿ ಕೆಳಗೆ ಬಗ್ಗಿದ. "ತೂತೆಲ್ಲ ಕುರ್ಚಿ ಹಿಂದೆ, ನೆತ್ತಿ ಮೇಲೆ ಬಂದಿದೆ ಆಂಟಿ. ಗೋಡೆಯಿಂದ ಸಮ ಇರಲಿ ಅಂತ ನಿಮ್ಮ ತಮ್ಮನೇ ಅಳೆದು ಕೊಟ್ಟಿದ್ದು. ಮೇಜಿನ ಕಡೆ ತಂದ್ರೆ ಮುಖದ ಮೇಲೆ ಬೀಳತ್ತೆ. ಆದ್ರೆ ಹಳೇ ತೂತಿಗೆ ತೇಪೆ ಹಾಕ್ಬೇಕು, ಕಾಣತ್ತೆ."

"ಕಾಣ್ಲಿ. ಎಲ್ಲಿ ಕೊರೀಬೇಕು ಅಂತ ನಾನು ಹೇಳ್ತೀನಿ. ಮೊದಲು ಇಳಿದು ಬಂದು ಕೂತ್ಕೋ."

ಅವಳು ಅವನನ್ನು ಕುರ್ಚಿಯಿಂದ ಕುರ್ಚಿಗೆ ಕೂರಿಸಿದಳು. ತಾನು ಏಣಿಯ ನಡುಮೆಟ್ಟಿಲಲ್ಲಿ ನಿಂತು ಉದ್ದನೆಯ ವಯರಿನ ತುದಿಯಲ್ಲಿ ಉರಿಯುವ ದೀಪವನ್ನು ಛಾವಣಿಗೆ ಒತ್ತಿ ಹಿಡಿದು ಅತ್ತಿತ್ತ ಸರಿಸಿದಳು.

"ಮಾತಾಡು."

"ಏನ್ ಮಾತಾಡ್ಲಿ?"

"ಏನಾದ್ರೂ. ನಿಮ್ಮತ್ತೇನ ಬೈಯಿ."

ರಮ್ಲಿ ಮೊದಲು ನಾಚಿದ. ಆಮೇಲೆ ಶುರುಮಾಡಿದ. ಅತ್ತೆ ಬಂದು ಮೂರು ತಿಂಗಳಾಯಿತಂತೆ, ಫ್ರಿಜ್ಜಿನೊಳಗೆಲ್ಲ ದುರಿಯನ್ ಹಣ್ಣು ತುಂಬಿಟ್ಟಿದ್ದಾಳಂತೆ, ಕುಡಿಯುವ ನೀರಿಗೂ ಅದೇ ವಾಸನೆಯಂತೆ. ಒಂದಕ್ಷರ ತಪ್ಪದೆ ಯೋಕ್ಲಾನ್‌ಗೆ ಸಿಕ್ಕಿತು. ಅವಳು ಅಲ್ಲೇ ಛಾವಣಿಗೆ ಪೆನ್ಸಿಲಿನಿಂದ ಗುರುತು ಹಾಕಿದಳು. ನಾಲ್ಕು ಗುರುತು. ಯಾವುದೂ ಗೋಡೆಗೆ ಸಮವಾಗಿರಲಿಲ್ಲ.

ಚೀಹೋಂಗ್ ಕೆಲಸದಿಂದ ಬಂದಾಗ ಹಳೆಯ ಆರು ತೂತುಗಳ ಮೇಲೆ ಹಸಿ ಗಾರೆಯ ಆರು ಬೊಟ್ಟುಗಳಿದ್ದವು.

"ಹೊಸ ಛಾವಣಿಗೆ ಸಿಡುಬು ಎಬ್ಬಿಸಿದ್ದೀಯಲ್ಲಕ್ಕಾ!"

"ನಿನ್ನ ಮಾತು ಕಾಣ್ತಿದೆ" ಎಂದಳು ಯೋಕ್ಲಾನ್. "ಇಷ್ಟು ಕಷ್ಟಪಟ್ಟಿದ್ದು ಇದನ್ನ ನೋಡೋಕಾ ಅನ್ನಿಸ್ತಿದೆ."

ಥಾಮ್ ಮನೆಯವರು ಬರುವುದಿಲ್ಲವೆಂದೇ ಚೀಹೋಂಗ್ ಎಣಿಸಿದ್ದ. ಆದರೆ ಭಾನುವಾರ ಅವರು ಬಂದರು; ಜುನ್‌ವೇ ಹಠ ಹಿಡಿದು ಕರೆತಂದನೆಂದು ಶಿನ್ಯೀ ಅಡುಗೆಮನೆಯಲ್ಲಿ ಹೇಳಿದಳು. ಮೇಡಮ್ ಥಾಮ್ ಕುರ್ಚಿಯನ್ನು ಹಿಂದಕ್ಕೆ ಸರಿಸಿ ಅರ್ಧಕ್ಕೆ ಕೂತಳು, ಈಗಲೋ ಆಗಲೋ ಏಳುವವಳ ಹಾಗೆ. ಯೋಕ್ಲಾನ್ ಸಾರು ಮಾಡಿರಲಿಲ್ಲ. ಚಹಾ ಬಗ್ಗಿಸಿ ನೇರ ಎದುರಿಗೆ ಕೂತಳು.

"ಹೋದ ವಾರ ನೀವು ಕೇಳಿದ್ದು ನನಗೆ ಕಾಣಲಿಲ್ಲ. ಕಾಣದೇ ಇದ್ರೂ ಕಂಡ ಹಾಗೆ ನಟಿಸಿದೆ. ಅದು ನನ್ನ ತಪ್ಪು. ನನಗೆ ಜ್ವರದಿಂದ ಕಿವಿ ಹೋಯ್ತು. ಆದ್ರೆ ಒಂದು ಮಾತು. ವಂಶದಲ್ಲೇ ಬಂದಿದ್ರೂ ನಾನು ಇಷ್ಟೇ ಜೋರಾಗಿ ಹೇಳ್ತಿದ್ದೆ. ಈ ಹುಡುಗೀನ ಬೆಳೆಸಿದ್ದು ಒಬ್ಬ ಕಿವುಡಿ. ಅದು ಬೇಡ ಅನ್ನೋದಾದ್ರೆ ಹೇಳಿಬಿಡಿ. ನನ್ನ ಕಡೆ ತಿರುಗಿ ಹೇಳಿ."

ಚೀಹೋಂಗ್ ಕಣ್ಣು ಮುಚ್ಚಿಕೊಂಡ. ಮೇಡಮ್ ಥಾಮ್ ಚಹಾದ ಬಟ್ಟಲನ್ನು ಎತ್ತಿ ಬಾಯಿಗೆ ಅಡ್ಡ ಹಿಡಿದು ಗಂಡನ ಕಡೆ ಬಾಗಿದಳು. ಕೆನ್ನೆಗಳು ಅಲುಗಿದವು. ಬಟ್ಟಲ ಅಂಚಿನ ನೀಲಿ ಹೂವು ಬಿಟ್ಟರೆ ಯೋಕ್ಲಾನ್‌ಗೆ ಏನೂ ಕಾಣಲಿಲ್ಲ. ಬೆಳಕು ತನ್ನ ಕೆಲಸ ಮಾಡುತ್ತಿತ್ತು. ಬಟ್ಟಲಿಗೆ ಅದು ಏನು ಮಾಡೀತು?

ಆಗ ಶಿನ್ಯೀ ಎದ್ದು ನಿಂತಳು. ಕೂಮಾಳ ಕಡೆ ಪೂರ್ತಿ ತಿರುಗಿ, ಒಂದೊಂದು ಪದವನ್ನೂ ಬಿಡಿಸಿ ಹೇಳಿದಳು.

"ಕೂಮಾ, 'ಎಂಥಾ ಗಟ್ಟಿಬಾಯಿ ಹೆಂಗಸಪ್ಪಾ' ಅಂದ್ರು."

ಮೇಡಮ್ ಥಾಮ್‌ಳ ಕಿವಿಯ ತುದಿಯವರೆಗೂ ಕೆಂಪೇರಿತು. ಜುನ್‌ವೇ ತಾಯಿಯ ಕಡೆ ನೋಡಿದ, ಮತ್ತೆ ಶಿನ್ಯೀಯ ಕಡೆ.

"ಹಾಂ" ಎಂದಳು ಯೋಕ್ಲಾನ್. "ಅದು ಮಾತ್ರ ವಂಶದ್ದೇ. ನೋಡಿದ್ರಲ್ಲ, ಇವಳಿಗೂ ಬಂದಿದೆ."

ಶಿನ್ಯೀ ಕೂರಲಿಲ್ಲ. ಮೇಡಮ್ ಥಾಮ್ ಬಟ್ಟಲನ್ನು ಕೆಳಗಿಟ್ಟು, ಅಂಚಿಗೆ ಹತ್ತಿದ್ದ ತುಟಿಯ ಬಣ್ಣವನ್ನು ಹೆಬ್ಬೆರಳಿನಿಂದ ಒರೆಸಿದಳು. ಆಮೇಲೆ ಎರಡೂ ಕೈಯಿಂದ ಕುರ್ಚಿ ಹಿಡಿದು ಮೇಜಿನ ಕಡೆಗೆ ಎಳೆದುಕೊಂಡಳು. ಅದರ ಕಾಲುಗಳು ನೆಲವನ್ನು ಉಜ್ಜಿದ್ದು ಯೋಕ್ಲಾನ್‌ಗೆ ಅಂಗಾಲಿನಲ್ಲಿ ತಿಳಿಯಿತು.